ಸ್ಕಾಟ್ಲೆಂಡಿನ ಬೀಗರ ಮೂರು ತಲೆಮಾರು

ಹೆಣ್ಣು ಕೊಡುವ ಮುಂಚೆ ಮನೆತನ ವಿಚಾರಿಸುವುದರಲ್ಲಿ ನಮ್ಮವರನ್ನು ಮೀರಿಸುವ ಪತ್ತೇದಾರರು ಎಲ್ಲೂ ಇಲ್ಲ. ಹುಡುಗನ ಮನೆಯ ಎದುರಿನ ಅಂಗಡಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಳ್ಳುವ ನೆಪದಲ್ಲಿ ಹುಡುಗನ ನಡತೆ, ಅವನಪ್ಪನ ಸಕ್ಕರೆ ಕಾಯಿಲೆ, ಸೋದರತ್ತೆಯ ಬಾಯಿ ಎಲ್ಲವನ್ನೂ ತಿಳಿದುಕೊಂಡು ಬಂದುಬಿಡುತ್ತಾರೆ. ನನ್ನ ಮದುವೆಗೆ ಮುಂಚೆ ನನ್ನ ಮಾವನವರು ಮೈಸೂರಿನಲ್ಲಿ ನಮ್ಮ ಬಟ್ಟೆ ಇಸ್ತ್ರಿ ಮಾಡುವವನನ್ನೇ ಹಿಡಿದು, ನನ್ನ ಬನಿಯನ್ನಿನಲ್ಲಿ ತೂತುಗಳಿವೆಯೇ ಎಂದು ಕೇಳಿದ್ದರಂತೆ. ಇಂಥ ಪರಂಪರೆಯವನಾದ ನನಗೆ, ಮಗಳು ಚೈತ್ರಾ ಸ್ಕಾಟ್ಲೆಂಡಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಕೈಕಾಲು ಆಡಲಿಲ್ಲ. ಹುಡುಗನ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ಅವನ ಊರಾದ ಅಬರ್ಡೀನಿನಲ್ಲಿ ಬಾಳೆಹಣ್ಣಿನ ಅಂಗಡಿಯವರು ಯಾರೂ ನನಗೆ ಪರಿಚಯವಿರಲಿಲ್ಲ, ಅಷ್ಟೇ.

ಹುಡುಗನ ಹೆಸರು ಕ್ಯಾಲಮ್. ಇಲ್ಲಿ ಸಿಂಗಪುರದ ಜುರಾಂಗ್ ಐಲ್ಯಾಂಡಿನಲ್ಲಿ ನನ್ನಂತೆಯೇ ಎಂಜಿನಿಯರ್. ಬೆಳಗಿನ ಕಂಪನಿ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದವನನ್ನು ಪಾಪ ಒಂಟಿ ಹುಡುಗ ಎಂದು ದೀಪಾವಳಿಗೆ ಬುಕಿತ್ ಬಾಟೋಕಿನ ನಮ್ಮ ಮನೆಗೆ ಕರೆದು ಹೋಳಿಗೆ ಬಡಿಸಿದವನು ನಾನೇ. ಹಾಗಾಗಿ ಮುಂದೆ ಆದದ್ದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ನಾವೆಲ್ಲ ಹೆದರಿದ್ದು ನಮ್ಮ ಜೊತೆಗಿದ್ದ ನನ್ನ ಅಮ್ಮನಿಗೆ. ಆದರೆ ವಿಷಯ ತಿಳಿದಾಗ ಅಮ್ಮ ಅಳಲಿಲ್ಲ, ಊಟ ಬಿಡಲಿಲ್ಲ. ಕೇಳಿದ್ದು ಒಂದೇ.

"ಧಾರೆ ಎರೆಯೋವಾಗ ಯಾರ ಮರಿಮಗ, ಯಾರ ಮೊಮ್ಮಗ, ಯಾರ ಮಗ ಅಂತ ಮೂರು ತಲೆಮಾರು ಹೇಳ್ಬೇಕಲ್ಲೋ ಪುಟ್ಟ? ಅದನ್ನ ತಿಳ್ಕೊಂಡು ಬಾ. ಹೆಸರೇ ಗೊತ್ತಿಲ್ದೇ ಇರೋ ಮನೆಗೆ ಹೆಣ್ಣು ಕೊಡಕ್ಕಾಗುತ್ತಾ? ಅದಿಲ್ದೇ ನಾನು ಮಂಟಪದ ಹತ್ರ ಬರಲ್ಲ."

"ಅಜ್ಜಿ ಇಲ್ದೇ ನಂಗೆ ಮದುವೇನೇ ಬೇಡ ಲಾ," ಎಂದು ಚೈತ್ರಾ ಸಿಂಗಪುರದವರಂತೆ ಮಾತಿನ ಕೊನೆಗೊಂದು 'ಲಾ' ಅಂಟಿಸಿ ರೂಮಿನ ಬಾಗಿಲು ಹಾಕಿಕೊಂಡಳು. ಮದುವೆಯ ಹಾಲ್ ಬುಕ್ ಆಗಿತ್ತು. ಹೆಂಡತಿ ನನ್ನ ಮುಖ ನೋಡಿದಳು.

ಪುಟ್ಟ ಎಂದರೆ ನಾನೇ. ತಲೆ ಬೋಳಾಗಿ, ರಿಟೈರಾಗುವ ವಯಸ್ಸು ಹತ್ತಿರ ಬಂದರೂ ಅಮ್ಮನಿಗೆ ನಾನು ಪುಟ್ಟ. ನಂಜುಂಡಯ್ಯ ಎಂಬ ತೂಕದ ಹೆಸರೊಂದು ನನಗಿದೆ. ಆಫೀಸಿನವರು ಅದನ್ನು ಕತ್ತರಿಸಿ 'ನಂಜ್' ಮಾಡಿದ್ದರೂ ಮರ್ಯಾದೆಯಿಂದಲೇ ಕರೆಯುತ್ತಾರೆ. ಅಮ್ಮ ಮಾತ್ರ ನಮ್ಮ ಕಟ್ಟಡದ ಕೆಳಗಿನ ತೆರೆದ ಜಗಲಿ, ವಾಯ್ಡ್ ಡೆಕ್ಕಿನಲ್ಲಿ ನೆರೆಹೊರೆಯವರೆಲ್ಲ ಕೂತಿರುವಾಗ "ಏ ಪುಟ್ಟಾ, ಸ್ವೆಟರ್ ಹಾಕ್ಕೊಳೋ" ಎನ್ನುತ್ತಾಳೆ, ಅದೂ ಸಿಂಗಪುರದ ಸೆಖೆಯಲ್ಲಿ. ಮೊದಲ ಸಲ ಬಂದಾಗ ಚಾಂಗಿ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಮಗನ ಹೆಸರೇನು ಎಂದು ಕೇಳಿದರೆ, ಸುಮ್ಮನೆ ನಕ್ಕು ನನ್ನ ಪಾಸ್‌ಪೋರ್ಟಿನ ಜೆರಾಕ್ಸನ್ನು ಅವನ ಮುಂದೆ ಹಿಡಿದಳಂತೆ. ಪಾಪ, ಇಂಗ್ಲಿಷಿನ ಭಯ ಎಂದುಕೊಂಡಿದ್ದೆ.

ಪುರೋಹಿತರನ್ನು ಕೇಳಿದೆ. "ಗೋತ್ರದ ಯೋಚನೆ ಬಿಡಿ ಸಾರ್, ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಗೋತ್ರ ಇದ್ದೇ ಇದೆ. ಆದ್ರೆ ತಾತ ಮುತ್ತಾತನ್ನ ನಾನು ಎಲ್ಲಿಂದ ತರ್ಲಿ?" ಎಂದರು. ಕ್ಯಾಲಮ್‌ನ ತಂದೆ ಜೇಮ್ಸ್ ಇವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಊರಿನಲ್ಲಿ ಉಳಿದಿದ್ದವಳು ಒಬ್ಬ ಸೋದರತ್ತೆ. ಆಕೆ ತನ್ನ ಅಪ್ಪ ಅಲೆಗ್ಸಾಂಡರ್ ಎಂದು ಹೇಳಿದಳು. ಅಪ್ಪನ ಅಪ್ಪ ಯಾರು ಎಂದರೆ "ಗ್ರ್ಯಾಂಡ್ಯಾಡ್" ಎಂದಳು. ಅವರಿಗೆ ಬೇರೆ ಹೆಸರೂ ಇದ್ದಿರಬಹುದೆಂದು ಆಕೆಗೆ ಹೊಳೆದೇ ಇರಲಿಲ್ಲ. ಇದೆಂಥ ಮನೆತನವಪ್ಪಾ, ಸ್ವಂತ ತಾತನ ಹೆಸರು ಗೊತ್ತಿಲ್ಲದವರು ಎಂದು ನಾನು ಹೆಂಡತಿಯ ಮುಂದೆ ಲೊಚಗುಟ್ಟಿದೆ.

ಆದರೂ ಆ ಸೋದರತ್ತೆ ಒಳ್ಳೆಯ ಹೆಂಗಸು. ಮನೆಯಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಪ್ರತಿ ಫೋಟೋದಲ್ಲೂ ಒಂದು ಮೂಲೆಯಲ್ಲಿ ಆಕೆಯ ಹೆಬ್ಬೆರಳು ಇತ್ತು. ಒಂದರಲ್ಲಿ ಗಿರಿಜಾ ಮೀಸೆಯ ಗಂಡಸೊಬ್ಬರು ಕಿಲ್ಟ್ ಉಟ್ಟು, ದೊಡ್ಡ ಪೀಪಾಯಿಯ ಮೇಲೆ ಕೈಯಿಟ್ಟು ನಿಂತಿದ್ದರು. ಇವರೇ ಗ್ರ್ಯಾಂಡ್ಯಾಡ್. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಮಂಡಿ ಕಾಣೋ ಹಾಗೆ ಉಟ್ಟಿದಾರೆ. ಆದ್ರೆ ನೆರಿಗೆ ಎಷ್ಟು ಚೆನ್ನಾಗಿ ಹಿಡಿದಿದಾರೆ ನೋಡು!" ಎಂದಳು. ಆಮೇಲೆ ಹಾಲಿನ ಗೋಡೆಯಲ್ಲಿ ಹೂ ಮುಡಿದು ಕೂತಿದ್ದ ನನ್ನ ತಾತನ ಫೋಟೋ ಕಡೆ ತಿರುಗಿ, "ಮೀಸೆ ಮಾತ್ರ ಥೇಟ್ ಇವರದ್ದೇ," ಎಂದಳು. ತಾತ ಮೈಸೂರು ಪೇಟದೊಳಗಿಂದ ಬೀಗರನ್ನು ದಿಟ್ಟಿಸುತ್ತಿದ್ದರು.

ಅವರ ದೇಶದಲ್ಲಿ ಹುಟ್ಟು ಸಾವುಗಳ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿನಲ್ಲೇ ನೋಡಬಹುದು. ಪ್ರತಿ ಶನಿವಾರ ಕ್ಯಾಲಮ್ ಲ್ಯಾಪ್‌ಟಾಪ್ ಹಿಡಿದು ಬರುತ್ತಿದ್ದ. ಅಮ್ಮ ಪಕ್ಕದಲ್ಲಿ ಕೂತು ಅವನಿಗೆ ಕೋಡುಬಳೆ ಕೊಡುತ್ತಿದ್ದಳು. ತೊಂದರೆ ಏನೆಂದರೆ, ಅದೇ ಊರಿನಲ್ಲಿ, ಅದೇ ಮನೆತನದ ಹೆಸರಿನ ಮೂವರು ಅಲೆಗ್ಸಾಂಡರರು ಒಂದೇ ವರ್ಷ ಹುಟ್ಟಿಬಿಟ್ಟಿದ್ದರು. ಒಬ್ಬನ ಅಪ್ಪ ವಿಲಿಯಂ, ಒಬ್ಬನ ಅಪ್ಪ ಜಾನ್, ಇನ್ನೊಬ್ಬನ ಅಪ್ಪ ಜೇಮ್ಸ್. ನಾನು ಕೈಚೆಲ್ಲಿದೆ. ಕ್ಯಾಲಮ್ ನಕ್ಕ. ಅವರ ಕಡೆ ಒಂದು ಹಳೆಯ ಪದ್ಧತಿಯಂತೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಊರು ಬಿಟ್ಟು ಹೋಗಿರುವ ಅವನ ಅಣ್ಣ ಅಲೆಗ್ಸಾಂಡರ್ ಆದದ್ದೂ, ತಾನು ಕ್ಯಾಲಮ್ ಆದದ್ದೂ ಹಾಗೆಯೇ. ತಾತ ಅಲೆಗ್ಸಾಂಡರ್ ತಮ್ಮ ಹಿರಿಯ ಮಗನಿಗೆ ಜೇಮ್ಸ್ ಎಂದಿಟ್ಟಿದ್ದರೆ, ಅವರ ಅಪ್ಪನೂ ಜೇಮ್ಸ್ ಆಗಿರಲೇಬೇಕು. ದಾಖಲೆ ತೆರೆದರೆ ಆ ಜೇಮ್ಸ್‌ನ ವೃತ್ತಿ ಪೀಪಾಯಿ ಮಾಡುವುದು ಎಂದೇ ಇತ್ತು. ಫೋಟೋದಲ್ಲಿ ಪೀಪಾಯಿ ಇದ್ದೇ ಇತ್ತಲ್ಲ! ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

"ಪೀಪಾಯಿ ಯಾತಕ್ಕೋ ಪುಟ್ಟ, ನೀರಿಗಾ?" ಎಂದಳು ಅಮ್ಮ.

ಅಷ್ಟು ಕನ್ನಡ ಕಲಿತಿದ್ದ ಕ್ಯಾಲಮ್, ವಿಸ್ಕಿಗೆ ಎಂಬ ನಿಜ ಹೇಳಲು ಬಾಯಿ ತೆರೆದ. ಚೈತ್ರಾ ಅವನ ಬಾಯಿಗೆ ಕೋಡುಬಳೆ ಇಟ್ಟಳು. "ಹೂಂ ಅಮ್ಮ, ನೀರಿಗೇ," ಎಂದೆ ನಾನು.

ಗೆದ್ದ ಸಂತೋಷದಲ್ಲಿ ಮನುಷ್ಯನ ನಾಲಿಗೆ ಸ್ವಲ್ಪ ಉದ್ದವಾಗುತ್ತದೆ. "ಏನೇ ಹೇಳಪ್ಪ, ನಿಮ್ಮವರು ಹೆಸರಿನಲ್ಲಿ ಭಾರಿ ಜಿಪುಣರು. ಎರಡೇ ಹೆಸರಿನಲ್ಲಿ ತಲೆತಲಾಂತರ ಸಂಸಾರ ಮಾಡಿಬಿಟ್ಟಿದ್ದೀರಿ," ಎಂದು ಕ್ಯಾಲಮ್‌ನನ್ನು ಛೇಡಿಸಿದೆ. ಅಮ್ಮ ಯಾಕೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಲ್ಲೇ ಪುರೋಹಿತರಿಗೆ ಫೋನ್ ಮಾಡಿ, ಜೇಮ್ಸ್, ಅಲೆಗ್ಸಾಂಡರ್, ಜೇಮ್ಸ್ ಎಂದು ಠೀವಿಯಿಂದ ಒಪ್ಪಿಸಿದೆ. ಅವರು ಬರೆದುಕೊಂಡು, "ಭೇಷ್. ಈಗ ಹುಡುಗಿ ಕಡೇದು ಹೇಳಿ ಸಾರ್. ನೀವು, ನಿಮ್ಮ ತಂದೆ, ನಿಮ್ಮ ತಾತ," ಎಂದರು.

"ನಂಜುಂಡಯ್ಯ, ಶ್ರೀನಿವಾಸಯ್ಯ..." ಎಂದು ನಿಂತೆ. ತಾತ ನಾನು ಹುಟ್ಟುವ ಮೊದಲೇ ಹೋದವರು. ಮನೆಯಲ್ಲಿ ಎಲ್ಲರೂ ದೊಡ್ಡಯ್ಯನವರು ಎನ್ನುತ್ತಿದ್ದರು. ಅಪ್ಪ 'ಹೆಚ್. ಎನ್.' ಎಂದು ಸಹಿ ಮಾಡುತ್ತಿದ್ದುದರಿಂದ ತಾತ ಆ 'ಎನ್' ಒಳಗೆ ಎಲ್ಲೋ ಇದ್ದಾರೆಂದು ಗೊತ್ತಿತ್ತು. ನರಸಿಂಹಯ್ಯನೋ ನಾರಾಯಣಯ್ಯನೋ, ಇಣುಕಿ ನೋಡಿದವನಲ್ಲ. ಅಪ್ಪನ ತಿಥಿಯನ್ನು ಮೈಸೂರಿನಲ್ಲಿ ಚಿಕ್ಕಪ್ಪ ಮಾಡಿಸುತ್ತಾರೆ. ನಾನು ಆ ದಿನ ಇಲ್ಲಿ ಈರುಳ್ಳಿ ತಿನ್ನುವುದಿಲ್ಲ, ನನ್ನ ಪಾಲಿನ ಶ್ರದ್ಧೆ ಅಷ್ಟೇ. ಚಿಕ್ಕಪ್ಪನಿಗೆ ಫೋನ್ ಮಾಡಬಹುದಿತ್ತು. ಆದರೆ ನನ್ನ ತಾತನ ಹೆಸರೇನು ಎಂದು ಈ ವಯಸ್ಸಿನಲ್ಲಿ ಯಾವ ಮುಖ ಇಟ್ಟುಕೊಂಡು ಕೇಳುವುದು? ಪುರೋಹಿತರಿಗೆ ಆಮೇಲೆ ಹೇಳುತ್ತೇನೆಂದು ಫೋನಿಟ್ಟು ಅಮ್ಮನನ್ನು ಕೇಳಿದೆ. ಅಮ್ಮ ತಲೆ ತಗ್ಗಿಸಿದಳು. "ನಾನು ಹೇಳಬಾರದು ಕಣೋ," ಎಂದಳು.

ಚೈತ್ರಾ ಇದನ್ನೆಲ್ಲ ಕ್ಯಾಲಮ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಗೋಡೆಯ ಮೇಲಿನ ಪೇಟವನ್ನು ನೋಡಿದ, ನನ್ನನ್ನು ನೋಡಿದ. "ಅಂಕಲ್, ನೀವು ಮೊದಲನೇ ಮಗನಾ?" ಎಂದು ಕೇಳಿದ. ಹೌದೆಂದೆ. "ಹಾಗಾದರೆ ಅವರು ನಂಜುಂಡಯ್ಯ," ಎಂದ, ಒಂದು ಅಕ್ಷರವನ್ನೂ ನುಂಗದೆ.

ಅಮ್ಮ ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡಳು. "ಮಾವನವರ ಹೆಸರನ್ನ ಬಾಯಲ್ಲಿ ಹೇಳ್ತಾರೇನೋ? ನಿಮ್ಮಪ್ಪ ಅದೇ ಹೆಸರನ್ನ ನಿಂಗೆ ಇಟ್ಬಿಟ್ರು. ನೀನೋ ಮಹಾ ತುಂಟ. ಆ ಹೆಸರು ಹಿಡಿದು ನಾನು ಹೇಗೋ ಗದರಿಸ್ಲಿ? ಅದಕ್ಕೇ ಪುಟ್ಟ ಅಂದೆ."

"ನನಗೆ ಒಂದು ಮಾತು ಹೇಳಬಾರದಿತ್ತೇ?"

"ನೀನು ಕೇಳ್ಲೇ ಇಲ್ವಲ್ಲೋ ಪುಟ್ಟ."

ಇಷ್ಟು ವರ್ಷ ನಾನು ನಾಚಿಕೆಪಟ್ಟ ಆ ಪುಟ್ಟ ಎಂಬ ಹೆಸರಿನಲ್ಲಿ ಇಷ್ಟೊಂದು ಮರ್ಯಾದೆ ಅಡಗಿತ್ತೆಂದು ತಿಳಿದಿರಲಿಲ್ಲ. ಜೊತೆಗೆ, ಸುಳ್ಳೇಕೆ, ಚಿಕ್ಕಪ್ಪನಿಗೆ ಫೋನ್ ಮಾಡುವುದು ತಪ್ಪಿತಲ್ಲ ಎಂಬ ನೆಮ್ಮದಿಯೂ ಆಯಿತು.

ಮದುವೆ ಸಾಂಗವಾಗಿ ನಡೆಯಿತು. ಪುರೋಹಿತರು "ಜೇಮ್ಸ್ ಶರ್ಮಣಃ ಪ್ರಪೌತ್ರಾಯ, ಅಲೆಗ್ಸಾಂಡರ್ ಶರ್ಮಣಃ ಪೌತ್ರಾಯ" ಎಂದಾಗ ಕಿಲ್ಟ್ ಉಟ್ಟ ಹುಡುಗ ಗಂಭೀರವಾಗಿ ತಲೆಯಾಡಿಸಿದ. ನಮ್ಮ ಕಡೆಯ ಸರದಿಯಲ್ಲಿ ನಂಜುಂಡಯ್ಯ ಎಂಬ ಹೆಸರು ಎರಡು ಸಲ ಬಂತು. ಮಂಟಪದ ಪಕ್ಕದಲ್ಲೇ ಕೂತಿದ್ದ ಅಮ್ಮ ಮೊದಲ ಸಲಕ್ಕೆ ಕೈಮುಗಿದಳು. ಎರಡನೆಯ ಸಲಕ್ಕೆ ನನ್ನ ಕಡೆ ನೋಡಿ, ಶಲ್ಯ ಸರಿಯಾಗಿ ಹೊದ್ದುಕೋ ಎಂದು ಸನ್ನೆ ಮಾಡಿದಳು.

ಊಟದ ಹೊತ್ತಿಗೆ ಕ್ಯಾಲಮ್ ನನ್ನ ಪಕ್ಕ ಕೂತು, ತಮ್ಮ ಪದ್ಧತಿಯ ಪ್ರಕಾರ ಎರಡನೆಯ ಮಗನಿಗೆ ನನ್ನ ಹೆಸರೇ ಎಂದು ಮಾತು ಕೊಟ್ಟ. ಅಬರ್ಡೀನಿನ ದಾಖಲೆಯಲ್ಲಿ ಮುಂದೊಂದು ದಿನ ನಂಜುಂಡಯ್ಯ! ನನಗೆ ಪಾಯಸ ಇನ್ನಷ್ಟು ಸಿಹಿಯಾಯಿತು. ಎಲೆಯ ಆಚೆಯಿಂದ ಚೈತ್ರಾ ಕೂಗಿದಳು:

"ಇಟ್ಕೋ ಲಾ, ನಂಗೇನು! ಆದ್ರೆ ಅಪ್ಪನ ಹೆಸರು ಹಿಡಿದು ಮಗೂನ ಬೈಯಕ್ಕೆ ನಂಗಾಗಲ್ಲ. ನಾನಂತೂ ಪುಟ್ಟ ಅಂತಾನೇ ಕರೀತೀನಿ."