ಬೇಳೆ ಬೇಯುವಷ್ಟು ಹೊತ್ತು

ಹುಬ್ಬಳ್ಳಿ-ಧಾರವಾಡ ಎರಡೂ ಊರು ಸೇರಿಸಿ ಹುಡುಕಿದರೂ ನಮ್ಮಣ್ಣನಷ್ಟು ತೊಗರಿಬೇಳೆ ಬೇಯಿಸುವ ಮನುಷ್ಯ ಸಿಗಲಿಕ್ಕಿಲ್ಲ. ಖಾನಾವಳಿಯವರೂ ಬೇಯಿಸುತ್ತಾರೆ, ಒಪ್ಪಿದೆ. ಆದರೆ ಅವರ ಮನೆಗೆ ಉಣ್ಣುವ ಜನ ಬರುತ್ತಾರೆ. ನಮ್ಮಣ್ಣ ಒಬ್ಬಂಟಿ. ಅದೂ ಹೋಗಲಿ, ಅವನಿಗೆ ಚಿಕ್ಕಂದಿನಿಂದಲೂ ಬೇಳೆ ಕಂಡರೆ ಆಗುವುದಿಲ್ಲ!

ಮತ್ತೆ ಯಾಕೆ ಬೇಯಿಸುತ್ತಾನೆ? ಕುಡಿಯಬಾರದೆಂದು.

ನಗಬೇಡಿ. ಅಣ್ಣ ಗೋಕುಲ ರಸ್ತೆಯ ಒಂದು ಅಂಗಡಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ ಮಾಡುತ್ತಾನೆ. ಕೈ ಬಹಳ ಚುರುಕು. ಆ ಕೈ ಬಾಟಲಿ ಹಿಡಿಯುವುದರಲ್ಲೂ ಅಷ್ಟೇ ಚುರುಕಾಗಿತ್ತು. ಹೆಂಡತಿ ಬಿಟ್ಟುಹೋದ ಮೇಲೆ ಒಂದು ದಿನ ತಾನಾಗಿಯೇ ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿ ಸೇರಿದ. ಹೊರಬರುವ ದಿನ ಅಲ್ಲಿಯ ಡಾಕ್ಟರು, "ಕುಡಿಯೋ ಆಸೆ ಬಂದ ಬರ್ತದ. ಬಂದಾಗ ಅದರ ಹಿಂದ ಓಡಬ್ಯಾಡ್ರಿ, ಅದನ್ನ ನೋಡಕೋತ ಸುಮ್ಮನ ಕೂಡ್ರಿ. ಬ್ಯಾಳಿ ಬೇಯೂ ಅಷ್ಟು ಹೊತ್ತಿನಾಗ ಇಳೀತದ" ಅಂದರಂತೆ. ಡಾಕ್ಟರು ಮಾತಿಗೆ ಅಂದದ್ದು. ನಮ್ಮಣ್ಣ ಅದನ್ನು ಔಷಧಿ ಚೀಟಿ ಎಂದು ತಿಳಿದ. ಅಲ್ಲಿಂದ ಸೀದಾ ಪೇಟೆಗೆ ಹೋಗಿ ಒಂದು ಕುಕ್ಕರು, ಒಂದು ಚೀಲ ಬೇಳೆ ತಂದ!

"ಅಣ್ಣಾ, ಗಡಿಯಾರ ನೋಡಕೋತ ಕೂತರೂ ನಡೀತೈತಲ್ಲೋ?" ಎಂದು ಕೇಳಿದೆ.

"ಗಡಿಯಾರ ಬಿಟ್ಟು ಎದ್ದು ಹೋಗಬಹುದು, ತಂಗಿ. ಗ್ಯಾಸ್ ಹಚ್ಚಿ ಮನಿ ಬಿಟ್ಟು ಹೋಗಬಾರದು ಅಂತ ಅವ್ವ ಹೇಳ್ಯಾಳ."

ಅವ್ವ ಬದುಕಿದ್ದ ತನಕ, ಕುಡಿಯಬೇಡ ಎಂದೂ ಹೇಳಿದ್ದಳು. ಅದು ಮಾತ್ರ ನೆನಪಿರಲಿಲ್ಲ ನೋಡಿ!

ಬೆಂಗೇರಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಎದುರಿಗೇ ಅವನ ಬಾಡಿಗೆ ಖೋಲಿ. ಹೀಗಾಗಿ ಅವನ ಮನಸ್ಸಿನೊಳಗೆ ಏನು ನಡೆದಿದೆ ಎಂಬುದು ಇಡೀ ಓಣಿಗೇ ಕುಕ್ಕರಿನ ಸೀಟಿಯಿಂದಲೇ ತಿಳಿಯುತ್ತದೆ. ಪಕ್ಕದ ಮನೆಯ ಶಾಂತಕ್ಕ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂಗುತ್ತಾಳೆ: "ಏನ್ರಿ ಅಣ್ಣಾರ, ಇವತ್ತ ಮಧ್ಯಾಹ್ನನ ಶುರು ಹಚ್ಚೀರಿ?"

"ಪಗಾರ ಆಗೇತ್ರಿ ಅಕ್ಕಾರ!" ಎಂದು ಒಳಗಿನಿಂದ ಉತ್ತರ.

ಕಳೆದ ತಿಂಗಳು ಉಣಕಲ್ಲಿನಲ್ಲಿ ನಮ್ಮ ಬಳಗದವರ ಮದುವೆ. ಅಕ್ಷತೆಯ ಹೊತ್ತಿಗೆ ಅಣ್ಣ ಮಾಯ! ಸುತ್ತಲಿನ ಬೀದಿಗಳನ್ನೆಲ್ಲ ಹುಡುಕಿ ಬಂದರೆ, ಪುಣ್ಯಾತ್ಮ ಅಡುಗೆಯವರ ಚಪ್ಪರದಲ್ಲಿ ದೊಡ್ಡ ಪಾತ್ರೆಯ ಎದುರು ಬೆವರು ಸುರಿಸುತ್ತ ಸೌಟು ಹಿಡಿದು ನಿಂತಿದ್ದಾನೆ. ಅಡುಗೆಯವರು ಇವನನ್ನು ತಮ್ಮ ಪೈಕಿಯವನೆಂದು ತಿಳಿದು ಹುಣಸೆಹಣ್ಣು ಕಿವುಚಲಿಕ್ಕೂ ಹಚ್ಚಿದ್ದರು! "ಮದವಿ ಬ್ಯಾಳಿ ಬೇಯಾಕ ಭಾಳ ಹೊತ್ತು ಹಿಡೀತವ್ವಾ, ಛಲೋ ಆತು" ಎಂದ. ಕಣ್ಣು ಕೆಂಪಾಗಿದ್ದವು. ಹೊಗೆಯಿಂದಲೋ ಬೇರೆಯದರಿಂದಲೋ ತಿಳಿಯದೆ ಹತ್ತಿರ ಹೋಗಿ ಬಾಯಿಯ ವಾಸನೆ ನೋಡಿದೆ. ಬರೀ ಇಂಗಿನ ವಾಸನೆ. ಅವನು ಸುಮ್ಮನೆ ನಕ್ಕ.

ಈಗ ನೀವೇ ಹೇಳಿ, ಎದುರು ಮನೆಯಿಂದ ಸೀಟಿ ಕೇಳಿದರೆ ನಾನು ಏನು ತಿಳಿಯಬೇಕು? ಆಸೆ ಬಂದಿದೆ ಎಂದು ಹೆದರಬೇಕೋ, ಅದನ್ನು ತಡೆದು ಕೂತಿದ್ದಾನೆ ಎಂದು ಸಂತೋಷಪಡಬೇಕೋ? ಸೀಟಿ ಕೇಳದಿದ್ದರೆ ಇನ್ನೂ ಫಜೀತಿ. ಆಸೆಯೇ ಬಂದಿಲ್ಲವೋ, ಇಲ್ಲಾ ಬಂದು ಅವನನ್ನು ಕರೆದುಕೊಂಡೇ ಹೋಯಿತೋ? ಸೀರೆಗೆ ಫಾಲ್ ಹಚ್ಚುತ್ತ ಕೂತವಳು ಎಷ್ಟೋ ಸಲ ಸೂಜಿ ಬೆರಳಿಗೇ ಚುಚ್ಚಿಕೊಂಡಿದ್ದೇನೆ. ಅವನು ಕುಡಿಯುವಾಗ ನನಗೆ ಇಷ್ಟು ಗೊಂದಲವಿರಲಿಲ್ಲ. ಬೈಯಬೇಕು, ಅಳಬೇಕು, ಅಷ್ಟೇ!

ಇನ್ನು ಆ ಬೇಳೆಯ ಮಾತು. ಒಗ್ಗರಣೆ ಹಾಕಿ, ಡಬ್ಬಿಗೆ ತುಂಬಿ, ಬೇಯಿಸಿದ ದಿನ ಸಂಜೆ ತಪ್ಪದೆ ನಮ್ಮ ಬಾಗಿಲಿಗೆ ತರುತ್ತಾನೆ. ನಾನು ಹೊಸ್ತಿಲಲ್ಲೇ ನಿಂತು ಇಸಿದುಕೊಳ್ಳುತ್ತೇನೆ. ಒಳಗೆ ಕರೆಯುವುದಿಲ್ಲ. ನನ್ನ ಮಗಳ ತೊಟ್ಟಿಲು ಕಾರ್ಯದ ದಿನ ಕುಡಿದು ಬಂದು ಬೀಗರ ಎಲೆಯ ಮೇಲೆ ಬಿದ್ದಿದ್ದ. ಅದನ್ನು ನಮ್ಮ ಮನೆಯವರು ಎಂದೋ ಮರೆತಿದ್ದಾರೆ. "ಒಳಗ ಕರೀಬಾರದೇನು ಅವನ್ನ?" ಎನ್ನುತ್ತಾರೆ. ನನಗೇ ಕಿವಿ ಕೇಳುವುದಿಲ್ಲ.

ಡಬ್ಬಿಯ ಬೇಳೆ ಎಲ್ಲಿಗೆ ಹೋಗುತ್ತದೆ? ಹಿತ್ತಲಾಚೆಯ ಗೌಳಿಯವರ ಎಮ್ಮೆಯ ಮುಸುರೆ ಬಕೆಟ್ಟಿಗೆ. ಹೌದು, ಒಂದು ದಿನವೂ ನಾಲಿಗೆಗೆ ಹಚ್ಚಿಲ್ಲ. ಅವನ ಕುಡಿಯುವ ಆಸೆಯೇ ಆ ಬೇಳೆಯಲ್ಲಿ ಬೆಂದಿದೆ, ಅದನ್ನು ಮಕ್ಕಳಿಗೆ ಹೇಗೆ ಬಡಿಸಲಿ ಎಂಬ ಹೆದರಿಕೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಬುದ್ಧಿ ಎನ್ನಿ. ಓದಿದ್ದರೆ ಬೇರೆ ಬುದ್ಧಿ ಬರುತ್ತಿತ್ತು ಎಂಬ ನಂಬಿಕೆಯೂ ನನಗಿಲ್ಲ. ಎಮ್ಮೆ ಮಾತ್ರ ದುಂಡಗಾಗಿದೆ!

ಮೊನ್ನೆ ಸಂಜೆ ಖಾಲಿ ಡಬ್ಬಿ ಇಸಿದುಕೊಳ್ಳುತ್ತ ಕೇಳಿದ: "ನಿನ್ನಿ ಬ್ಯಾಳಿ ಹೆಂಗಿತ್ತು ತಂಗಿ?"

"ಭಾಳ ಛಲೋ ಇತ್ತಪಾ. ಉಪ್ಪು ಖಾರ ಎಲ್ಲಾ ಹದ."

ಅಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. "ನಾ ಉಪ್ಪ ಹಾಕೂದಿಲ್ಲ ಯವ್ವಾ. ನಿನ್ನ ಗಂಡಗ ಬಿ.ಪಿ. ಐತಲ್ಲ. ನೀವು ಬೇಕಾದವರು ಹಾಕ್ಕೊಂತೀರಿ ಅಂತ ಬಿಟ್ಟಿದ್ದೆ."

ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ಆ ದಿನದ ತುಂಬಿದ ಡಬ್ಬಿಯನ್ನು ಎಂದಿನಂತೆ ನನ್ನ ಕೈಗಿಟ್ಟು, ಓಣಿ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಎದುರಿನಿಂದ ಸೀಟಿ ಕೇಳಿತು. ಅದೇ ಸಂಜೆ ಎರಡನೆಯ ಸಲ! ಆ ಸೀಟಿಗೆ ಏನು ತಿಳಿಯಬೇಕು ಎಂಬ ಗೊಂದಲ ನನಗೆ ಆಗಲಿಲ್ಲ. ಅದು ನಾನು ಹಚ್ಚಿದ ಒಲೆ.

ರೊಟ್ಟಿಯ ಬುಟ್ಟಿ, ಎರಡು ತಾಟು, ಅವನು ಕೊಟ್ಟ ಡಬ್ಬಿ, ಒಂದು ಉಪ್ಪಿನ ಭರಣಿ ಹಿಡಿದು ಹೋದೆ. ಅಣ್ಣ ಗ್ಯಾಸಿನ ಮುಂದೆ ಮೊಣಕಾಲು ತಬ್ಬಿಕೊಂಡು ಕೂತಿದ್ದ.

"ನಾ ಏನ್ ಮಾಡ್ಲಿ ಅಣ್ಣಾ?"

"ಏನೂ ಮಾಡಬ್ಯಾಡ. ಕೂಡು." ಚಾಪೆಯ ಮೇಲೆ ಜಾಗ ಮಾಡಿದ. ಕುಕ್ಕರಿನ ಕಡೆಗೇ ನೋಡುತ್ತ ಹೇಳಿದ: "ಬ್ಯಾಳಿ ಬೇಯೂತನಕ ಹೆಂಗರ ತಡೀತೇನಿ. ಬೆಂದ ಮ್ಯಾಲೆ ಒಬ್ಬನ ಉಣಬೇಕಲ್ಲ, ಅದಕ್ಕೇನು ಮಾಡಬೇಕು ಅಂತ ಆ ಡಾಕ್ಟರು ಹೇಳಲಿಲ್ಲ."

ತಾಟಿಗೆ ರೊಟ್ಟಿ ಹಾಕಿದೆ. ಡಬ್ಬಿಯ ಬೇಳೆ ಬಡಿಸಿದೆ. ಬೇಳೆ ಕಂಡರಾಗದ ಅವನೂ ನಾನೂ ಒಂದೊಂದು ತುತ್ತು ಮುರಿದು ಬಾಯಿಗಿಟ್ಟೆವು. ಸಪ್ಪೆ, ಪೂರಾ ಸಪ್ಪೆ. ಭರಣಿ ನನ್ನ ಮಗ್ಗುಲಲ್ಲೇ ಇತ್ತು. ಯಾಕೋ ಮುಚ್ಚಳ ತೆಗೆಯಲಿಲ್ಲ.