ಬ್ರಿಟಾ ಹೆಸರಿನಲ್ಲಿ ಒಂದು ಅರ್ಚನೆ

ಸ್ವಂತ ನೆಂಟರ ಕಾಯಿಲೆಗೆ ಮರುಗದವರೂ ಟೀವಿಯೊಳಗಿನವರ ಕೆಮ್ಮಿಗೆ ಮರುಗುತ್ತಾರೆ ಎಂದು ನನ್ನ ಹೆಂಡತಿ ಶಾರದೆಯನ್ನು ನಾನು ಬಹಳ ವರ್ಷ ಗೇಲಿ ಮಾಡಿದ್ದೇನೆ. ಈಗ ಆ ಬಾಯಿಗೆ ಬೀಗ ಬಿದ್ದಿದೆ. ಕಾರಣ ಬ್ರಿಟಾ. ಸ್ವೀಡನ್ನಿನ ಪೊಲೀಸ್ ಇನ್‌ಸ್ಪೆಕ್ಟರ್. ಗಾಂಧಿ ಬಜಾರಿನಲ್ಲಿ ಬಾಡಿಗೆಗೆ ತಂದ ಡಿವಿಡಿಯ ಕೊಲೆ ಧಾರಾವಾಹಿಯೊಂದರಿಂದ ನಮ್ಮ ಮನೆಗೆ ಬಂದವಳು. ಆ ದೇಶದಲ್ಲಿ ಮಧ್ಯಾಹ್ನಕ್ಕೇ ಕತ್ತಲು. ಯಾರೂ ನಗುವುದಿಲ್ಲ, ಹೆಣ ಸಿಕ್ಕರೂ ಅಯ್ಯೋ ಅನ್ನುವುದಿಲ್ಲ. ಬ್ರಿಟಾ ಒಂದೇ ಸ್ವೆಟರಿನಲ್ಲಿ, ಬರೀ ಕಾಫಿ ಕುಡಿದುಕೊಂಡು, ಕಂತಿನಿಂದ ಕಂತಿಗೆ ಓಡಾಡುತ್ತಿದ್ದಳು. "ಈ ಹುಡುಗಿ ಊಟ ಯಾವಾಗ ಮಾಡ್ತಾಳೆ ರೀ?" ಎಂದು ಶಾರದೆ ಕೇಳಿದ್ದೇ ತಡ, ಕೊಲೆಗಾರ ಯಾರಾದರೇನು, ನನಗೂ ಅದೇ ಚಿಂತೆ ಹತ್ತಿತು. ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ಅವಳೆದುರು ಕೂರಲು ಸಂಕೋಚವಾಗಿ, ಉಂಡು ಮುಗಿಸಿಯೇ ಟೀವಿ ಹಾಕತೊಡಗಿದೆವು.

ಕೊನೆಯ ಕಂತಿನಲ್ಲಿ ಬ್ರಿಟಾಗೆ ಗುಂಡು ಬಿತ್ತು. ಆಸ್ಪತ್ರೆ, ಮೂಗಿಗೆ ಕೊಳವೆ, ಮುಚ್ಚಿದ ಕಣ್ಣು, ಅಲ್ಲಿಗೇ ಮುಗಿಯಿತು. ಅಂಗಡಿಗೆ ಓಡಿದೆ. "ಮುಂದಿನ ಭಾಗ ಇನ್ನೂ ಬಂದಿಲ್ಲ ಸಾರ್. ಬದುಕ್ತಾಳೋ ಇಲ್ವೋ ನಂಗೂ ಗೊತ್ತಿಲ್ಲ" ಎಂದ ಅಂಗಡಿಯವನು.

ಆ ವಾರ ಮನೆಯಲ್ಲಿ ಒಗ್ಗರಣೆಗೂ ಸದ್ದಿರಲಿಲ್ಲ. ಕೊನೆಗೆ ಶಾರದೆ, "ಅವಳ ಹೆಸರಲ್ಲಿ ಒಂದು ಅರ್ಚನೆ ಮಾಡಿಸ್ಕೊಂಡ್ ಬನ್ನಿ" ಎಂದಳು. "ನಿಂಗೆ ತಲೆ ಕೆಟ್ಟಿದೆ" ಎಂದು ಬೈದು, ಪಂಚೆ ಉಟ್ಟು ಹೊರಟೆ. ಭಾವಮೈದನಿಗೆ ಆಪರೇಷನ್ ಆದಾಗ ಫೋನಿನಲ್ಲೇ ವಿಚಾರಿಸಿಕೊಂಡು ಸುಮ್ಮನಾದವನು ನಾನು.

ಗುಡಿಯಲ್ಲಿ ಅರ್ಚಕರು ಹೆಸರು ಕೇಳಿದರು. ಹೇಳಿದೆ. ನನ್ನನ್ನೊಮ್ಮೆ ನೋಡಿ, "ಗೋತ್ರ ಗೊತ್ತಿಲ್ದಿದ್ರೆ ಪರ್ವಾಗಿಲ್ಲ, ಕಾಶ್ಯಪ ಅಂತೀನಿ" ಎಂದರು. ನಮ್ಮ ಬ್ರಿಟಾಳನ್ನು ದಿಕ್ಕಿಲ್ಲದವರ ಸಾಲಿಗೆ ಸೇರಿಸುವುದೇ? ಎಲ್ಲಿಲ್ಲದ ರೋಷ ಬಂತು. "ಭಾರದ್ವಾಜ ಅನ್ನಿ. ನಮ್ಮನೆ ಹುಡುಗಿ" ಎಂದುಬಿಟ್ಟೆ. ಅರ್ಚಕರು ಮತ್ತೇನೂ ಕೇಳದೆ ಒಂದು ಹಿಡಿ ಹೂವು ಹೆಚ್ಚಿಗೇ ಏರಿಸಿದರು.

ದೀಪಾವಳಿ ಕಳೆದು ಡಿವಿಡಿ ಬಂತು. ಬ್ರಿಟಾ ಕಣ್ಣು ಬಿಟ್ಟಳು. ಶಾರದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಾಯಸಕ್ಕೆ ಶ್ಯಾವಿಗೆ ಹುರಿಯಲು ಎದ್ದಳು. ನನಗೂ ಆ ದಿನವೆಲ್ಲ ಹಬ್ಬದ ಸಂತೋಷ.

ಮೊನ್ನೆ ಗುಡಿಯಲ್ಲಿ ಅರ್ಚಕರೇ ನೆನಪಿಟ್ಟು, "ನಿಮ್ಮ ಬ್ರಿಟಾ ಹೇಗಿದಾರೆ?" ಎಂದು ಕೇಳಿದರು. ನಿಜ ಹೇಳೋಣವೆಂದೇ ಬಾಯಿ ತೆರೆದೆ. "ಡ್ಯೂಟಿಗೆ ಸೇರ್ಕೊಂಡ್ಲು ಸ್ವಾಮಿ. ಊಟದ ವಿಷಯದಲ್ಲಿ ಮಾತ್ರ ಹೇಳಿದ ಮಾತೇ ಕೇಳಲ್ಲ" ಎಂದಿತು ಅದು. "ಈಗಿನ ಹೆಣ್ಮಕ್ಳೇ ಹಾಗೆ ಬಿಡಿ" ಎಂದು ಅವರು ಸಮಾಧಾನ ಹೇಳಿ, ಅವಳ ಪಾಲಿಗೆಂದು ಇನ್ನೊಂದು ದೊನ್ನೆ ಪುಳಿಯೋಗರೆ ಕೊಟ್ಟರು.

ಶಾರದೆ ಅದನ್ನು ಭಕ್ತಿಯಿಂದ ಟೀವಿಯ ಮೇಲಿಟ್ಟಳು. ಗೇಲಿ ಮಾಡಬೇಕಾದ ನಾನು, ಇರುವೆ ಹತ್ತದಿರಲೆಂದು ಅಡಿಗೆಮನೆಯಲ್ಲಿ ಮುಚ್ಚಳ ಹುಡುಕುತ್ತಿದ್ದೆ.