ಚರ್ಮದ ಸೀಟೂ ನಿಂತ ಬೀಗರೂ

ಕೂರುವ ವಿಷಯದಲ್ಲಿ ಈ ಭರತಖಂಡದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಬಹುಕಾಲ ನಂಬಿದ್ದೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತಿದ್ದೇನೆ. ಹಾಸನದ ಬೆತ್ತದ ಕುರ್ಚಿ, ರಾಯಚೂರಿನ ಮೂರೂವರೆ ಕಾಲಿನ ಕುರ್ಚಿ, ಕೊನೆಗೆ ವರ್ಗವಾಗಿ ಬಂದ ವಿಜಯವಾಡದ ತಿರುಗುವ ಕುರ್ಚಿ, ಎಲ್ಲವೂ ನನ್ನ ಕೆಳಗೆ ಸವೆದು ಸೊರಗಿ ನಿವೃತ್ತಿ ಪಡೆದವು. ನಾನು ಮಾತ್ರ ಸೇವೆಯಲ್ಲಿ ಉಳಿದೆ. ಹೀಗಿರುವಾಗ 2004ರ ಬೇಸಿಗೆಯಲ್ಲಿ ಡಾಕ್ಟರು, “ಸಕ್ಕರೆ ಏರಿದೆ, ಸೈಕಲ್ ತುಳಿಯಿರಿ” ಎಂದಾಗ, ಸೈಕಲ್ ಸೀಟೆಂಬ ಅಂಗೈಯಗಲದ ವಸ್ತು ನನ್ನ ಕೀರ್ತಿಗೆ ಮಸಿ ಬಳಿದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಿಡಿ ಹಚ್ಚಿದವನು ನಮ್ಮ ಹೆಡ್ ಕ್ಯಾಷಿಯರ್ ಕಾಮೇಶ್ವರ. ಇಪ್ಪತ್ತು ವರ್ಷದಿಂದ ಒಂದೇ ಸೈಕಲ್ಲು, ಒಂದೇ ರಬ್ಬರ್ ಸೀಟು. ಊಟದ ಹೊತ್ತಿನಲ್ಲಿ ನಾನು, “ಸೀಟು ಅಂದರೆ ಚರ್ಮದ್ದು. ಅದರ ಗತ್ತೇ ಬೇರೆ” ಎಂದೆ.

“ರಬ್ಬರೇ ಹಾಯಿ ಸಾರ್,” ಎಂದ ಅವನು, ಗೋಂಗುರ ಚಟ್ನಿ ಕಲಸುತ್ತ. “ಚರ್ಮದ ಸೀಟು ಬೇರೆ ಕೆಲಸ ಇಲ್ಲದವರಿಗೆ.”

ಅವನಾಡಿದ್ದು ತೆಲುಗಿನಲ್ಲಿ. ಚುಚ್ಚಿದ್ದು ಮಾತ್ರ ನೇರ ಕನ್ನಡದಲ್ಲೇ.

“ಒಂದು ವಾರ ರಬ್ಬರ್, ಒಂದು ವಾರ ಚರ್ಮ,” ಎಂದು ಇಡೀ ಶಾಖೆಯೆದುರು ಘೋಷಿಸಿದೆ. “ಪಟಮಟದ ನಮ್ಮ ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ಆಮೇಲೆ ತೀರ್ಪು.”

ರಬ್ಬರಿನ ವಾರ ಸುಖವಾಗಿಯೇ ಆರಂಭವಾಯಿತು. ಬೆಳಗ್ಗೆ ಹತ್ತಿದರೆ ಆಗತಾನೇ ಹಬೆಯಿಂದಿಳಿಸಿದ ಇಡ್ಲಿಯ ಮೇಲೆ ಕೂತ ಹಾಗೆ. ಆದರೆ ವಿಜಯವಾಡದ ಮೇ ತಿಂಗಳ ಬಿಸಿಲನ್ನು ದಿನವಿಡೀ ಕುಡಿದು ನಿಂತ ಅದೇ ಸೀಟು ಸಂಜೆಗೆ ಕಾವಲಿಯಾಗುತ್ತಿತ್ತು. ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತಿತ್ತು. ಒಂದು ಹಿಡಿ ಈರುಳ್ಳಿ ಉದುರಿಸಿದ್ದರೆ ಊತಪ್ಪವೇ ಏಳುತ್ತಿತ್ತೇನೋ. ಕಾದ ರಬ್ಬರು ಪ್ಯಾಂಟಿನ ಹಿಂಬದಿಗೆ ಕಪ್ಪು ಮುದ್ರೆ ಒತ್ತಿ ಕಳಿಸುತ್ತಿತ್ತು, ಥೇಟ್ ನಮ್ಮ ಬ್ಯಾಂಕಿನ ರಬ್ಬರ್ ಸ್ಟಾಂಪಿನಂತೆ. ಸಾಲದ್ದಕ್ಕೆ ಸೀಟಿನ ಮೂತಿ ಕೆಳಕ್ಕೆ ಬಾಗಿತ್ತು. ಬೆಂಜ್ ಸರ್ಕಲ್ಲಿನಲ್ಲಿ ಬ್ರೇಕ್ ಹಿಡಿದೆ ನೋಡಿ, ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಜಾರುಬಂಡೆಯಿಂದ ಇಳಿದ ಮಗುವಿನಂತೆ ಹೋಗಿ ಹ್ಯಾಂಡಲ್ಲನ್ನು ತಬ್ಬಿಕೊಂಡೆ.

ಆಗ ನನಗೆ ಜ್ಞಾನೋದಯವಾಯಿತು. ಸುಖವಿರುವುದು ಸೀಟಿನಲ್ಲಿ ಮಾತ್ರವಲ್ಲ, ಅದರ ಓರೆಯಲ್ಲೂ ಇದೆ. ಮೂತಿ ಬಾಗಿದರೆ ಜಾರಾಟ, ಏರಿದರೆ ಚುಚ್ಚಾಟ, ಮಟ್ಟವಾಗಿದ್ದರೆ ಸಿಂಹಾಸನ.

ಚರ್ಮದ ಸೀಟು ಸಿಕ್ಕಿದ್ದು ವನ್‌ಟೌನಿನ ಒಂದು ಹಳೇ ಅಂಗಡಿಯಲ್ಲಿ. ಬೆರಳಿನಿಂದ ತಟ್ಟಿದರೆ ಬಾಗಿಲು ತಟ್ಟಿದ ಸದ್ದು. ಅಂಗಡಿಯ ಮುದುಕ ಕೈಮುಗಿದು, “ಆರು ನೆಲಲು ಓಪಿಕ ಪಟ್ಟಂಡಿ ಸಾರ್” ಎಂದ. ಆರು ತಿಂಗಳು ತಾಳ್ಮೆ ಬೇಕು, ಅಷ್ಟರಲ್ಲಿ ಸೀಟು ನಿಮ್ಮ ಆಕಾರಕ್ಕೆ ಬರುತ್ತದೆ ಎಂದು ಅದರರ್ಥ. ಅಲ್ಲಿಯವರೆಗೆ ಸೀಟಿನ ಆಕಾರಕ್ಕೆ ನಾನು ಬರಬೇಕಾಗುತ್ತದೆಂದು ಆ ಪುಣ್ಯಾತ್ಮ ಹೇಳಲಿಲ್ಲ.

ಪಕ್ಕದ ಮನೆಗೆ ಮಹಡಿ ಕಟ್ಟುತ್ತಿದ್ದ ಮೇಸ್ತ್ರಿಯಿಂದ ರಸಮಟ್ಟ ಕೇಳಿ ತಂದೆ. ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ಗೋಡೆ, ನೆಲ ಮಟ್ಟವಾಗಿದೆಯೇ ಎಂದು ನೋಡುವ ಸಾಧನ, ಅದು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸೀಟಿನ ಬೆನ್ನ ಮೇಲೆ ರಸಮಟ್ಟವಿಟ್ಟು, ಒಂದು ಕಣ್ಣು ಮುಚ್ಚಿ, ಪಾನ, ಅಂದರೆ ಸ್ಪ್ಯಾನರ್, ಹಿಡಿದು ನಟ್ಟನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿದೆ. ಎರಡು ಗಂಟೆ! ಅಣೆಕಟ್ಟು ಕಟ್ಟಿದವರೂ ಇಷ್ಟು ಒದ್ದಾಡಿರಲಾರರು. ಕೊನೆಗೆ ಗುಳ್ಳೆ ನಟ್ಟನಡುವೆ ಬಂದು ಧ್ಯಾನಸ್ಥವಾಯಿತು.

“ನೋಡೇ ಗಿರಿಜಾ, ಇದಕ್ಕೆ ಶಾಸ್ತ್ರೀಯ ವಿಧಾನ ಅಂತಾರೆ.”

ನನ್ನ ಹೆಂಡತಿ ತಲೆಗೆ ಹಚ್ಚುವ ಹರಳೆಣ್ಣೆಯ ಖಾಲಿ ಶೀಷೆಯನ್ನು ಎತ್ತಿ ಹಿಡಿದಳು. “ಇದು ಯಾವ ವಿಧಾನ?”

“ಚರ್ಮಕ್ಕೆ ಎಣ್ಣೆ ಕುಡಿಸಬೇಕು.”

“ಕುಡೀತು. ಈಗ ನನ್ನ ತಲೆಗೆ ಸೀಟಿನಿಂದ ಹಿಂಡ್ಕೊಡಿ.”

ಸೋಮವಾರ ಸೀಟು ಕುಟುಕಿತು. ಮಂಗಳವಾರ ಕಚ್ಚಿತು. ಬುಧವಾರ ಅದರ ಮೂತಿ ನನ್ನ ಜೊತೆ ನೇರ ಮಾತಿಗಿಳಿಯಿತು. ಆದರೂ ಗುಳ್ಳೆ ಸುಳ್ಳು ಹೇಳುವುದಿಲ್ಲವಲ್ಲ. ದಿನಾ ಬೆಳಗ್ಗೆ ರಸಮಟ್ಟವಿಟ್ಟು ನೋಡುತ್ತಿದ್ದೆ, ಗುಳ್ಳೆ ನಡುವೆಯೇ ಇರುತ್ತಿತ್ತು. ಸೀಟು ಮಟ್ಟವಾಗಿದೆ ಎಂದ ಮೇಲೆ ನಾನೇ ಓರೆ ಇರಬೇಕೆಂದು ಹಲ್ಲು ಕಚ್ಚಿ ಶುಕ್ರವಾರದವರೆಗೂ ತುಳಿದೆ. ಶನಿವಾರ ತುಳಿಯುವುದು ಹಾಗಿರಲಿ, ಕೂರುವುದೇ ಆಗಲಿಲ್ಲ. ಮಂಚದ ಮೇಲೆ ಬೋರಲು ಬಿದ್ದಿದ್ದೆ.

ಗಿರಿಜೆ ಬಂದು ತಲೆದೆಸೆಯಲ್ಲಿ ನಿಂತಳು. “ರೀ, ನಾಳೆ ಏನು ದಿನ ನೆನಪಿದೆಯಾ?”

ನಾಳೆ ನಮ್ಮ ಮಗಳು ಧನ್ಯಾಳನ್ನು ನೋಡಲು ವಿಶಾಖಪಟ್ಟಣದಿಂದ ಗಂಡಿನವರು ಬರುವ ದಿನ. ಹುಡುಗ ಅಮೋಘ, ಅಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ. ಅಪ್ಪ ಶೇಷಗಿರಿಗಳು ಮೂಲತಃ ಧಾರವಾಡದವರು, ವಿಶಾಖಪಟ್ಟಣದ ಬಂದರು ಕಚೇರಿಯಿಂದ ನಿವೃತ್ತರಾಗಿ ಅಲ್ಲೇ ಪೆಂಡುರ್ತಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಇದಕ್ಕೆ ಮುಂಚೆ ನಾಲ್ಕು ಫೋಟೋಗಳನ್ನು ಧನ್ಯಾ ಪರೀಕ್ಷೆ ಪೇಪರ್ ತಿದ್ದುವ ಟೀಚರಮ್ಮನ ಮುಖ ಮಾಡಿ ತಳ್ಳಿದ್ದಳು. ಅವಳು ಟೀಚರಮ್ಮನೇ, ಇರಲಿ. ಈ ಐದನೆಯದಕ್ಕೆ ಮಾತ್ರ, “ಬರಲಿ, ನೋಡೋಣ” ಎಂದಿದ್ದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಶುಭವಾರ್ತೆ ಎರಡು ವರ್ಷದಿಂದ ಬಂದಿರಲಿಲ್ಲ.

“ಕೂರಕ್ಕಾಗಲ್ಲ ಅಂತ ಹೇಳಿಬಿಡೋಣ,” ಎಂದೆ.

“ಹೇಳಿ. ಮೂಲವ್ಯಾಧಿ ಅಂದ್ಕೋತಾರೆ. ಆಮೇಲೆ ವಂಶದಲ್ಲೇ ಇದೆಯಾ ಅಂತ ಕೇಳ್ತಾರೆ. ಹುಡುಗ ಔಷಧಿ ಕಂಪನಿಯೋನು ಬೇರೆ.”

“ಹಾಗಾದರೆ ನಿಜ ಹೇಳೋಣ.”

“ಐವತ್ತೇಳು ವರ್ಷದ ಬ್ಯಾಂಕ್ ಆಫೀಸರು ಸೈಕಲ್ ಸೀಟು ಯಾವುದು ಮೆತ್ತಗಿದೆ ಅಂತ ಹದಿನೈದು ದಿನ ಕೂತು ನೋಡಿದರು ಅಂತಲಾ? ಇದಕ್ಕಿಂತ ಮೂಲವ್ಯಾಧಿಯೇ ವಾಸಿ ಅಂತಾರೆ. ಬಾಯಿ ಬಿಡಬೇಡಿ. ಹೇಗಾದರೂ ಸಂಭಾಳಿಸಿ.”

ಭಾನುವಾರ ಮಧ್ಯಾಹ್ನ ಬಂದರು: ಶೇಷಗಿರಿಗಳು, ಅವರ ಪತ್ನಿ ಹೈಮಾವತಿ, ಹುಡುಗ. ಆರೂವರೆ ಗಂಟೆ ಕಾಲ ರೈಲಿನಲ್ಲಿ ಬಂದಿದ್ದರು. ನಾನು ಬಾಗಿಲಲ್ಲೇ ಕೈಮುಗಿದು ಸೋಫಾ ತೋರಿಸಿದೆ.

“ನೀವೂ ಕೂಡ್ರಿ,” ಎಂದರು ಶೇಷಗಿರಿಗಳು.

“ಛೇ, ದೊಡ್ಡವರು, ಮೊದಲು ನೀವು.”

“ದೊಡ್ಡವರು ನಾವು ಹ್ಯಾಂಗ? ಕನ್ಯಾ ಕೊಡೋರು ದೊಡ್ಡವರು. ನೀವು ನಿಂತಿರಬೇಕಾದ್ರ ನಾವು ಕೂಡೋದು ಚಂದ ಅಲ್ಲ.”

“ನನ್ನ ಬಗ್ಗೆ ಯೋಚಿಸಬೇಡಿ. ಹಿರಿಯರ ಮುಂದೆ ಕೂತು ಅಭ್ಯಾಸವಿಲ್ಲ.”

ಈ ಮಾತು ಬಾಯಿಂದ ಜಾರಿದ್ದೇ ತಪ್ಪಾಯಿತು. ಶೇಷಗಿರಿಗಳ ಕಣ್ಣಲ್ಲಿ ಮೆಚ್ಚುಗೆ ತುಂಬಿ, ಬಗ್ಗಿದ್ದ ಮೊಣಕಾಲು ನೆಟ್ಟಗಾಯಿತು. ಅಪ್ಪ ಕೂರದೆ ಮಗ ಕೂರುವಂತಿಲ್ಲ. ಗಂಡ ಕೂರದೆ ಹೈಮಾವತಿಯವರು ಕೂರುವಂತಿಲ್ಲ. ಅತಿಥಿಗಳು ಕೂರದೆ ಗಿರಿಜೆ ಕೂರುವಂತಿಲ್ಲ. ಐದು ಜನ, ಎಂಟು ಆಸನ, ಎಲ್ಲರೂ ನಿಂತೇ ಇದ್ದೆವು. ಕಾಫಿ ತಂದ ಧನ್ಯಾ ಹೊಸ್ತಿಲಲ್ಲಿ ತಡೆದು, ರಾಷ್ಟ್ರಗೀತೆ ಮುಗಿಯಲಿ ಎಂಬಂತೆ ಕಾದಳು. ಉಪ್ಪಿಟ್ಟು, ಕೇಸರಿಬಾತು ನಿಂತೇ ಆಯಿತು. ಬಫೆ ಪದ್ಧತಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಭೂಮಂಡಲದಲ್ಲಿ ನಡೆದದ್ದು ಅದೇ ಮೊದಲಿರಬೇಕು.

ಮುಕ್ಕಾಲು ಗಂಟೆ ಕಳೆಯಿತು. ಹೈಮಾವತಿಯವರು ಎಡಗಾಲಿನ ಭಾರ ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ ವರ್ಗಾಯಿಸುತ್ತ, “ಇಷ್ಟು ಮರ್ಯಾದಿ ನಾವು ಎಲ್ಲೂ ಕಂಡಿಲ್ರಿ” ಎಂದರು. ಆ ದನಿಯಲ್ಲಿದ್ದದ್ದು ಸಂತೋಷ ಎಂದು ಹೇಳಲಾರೆ.

ನಿಂತವರು ಎಷ್ಟೆಂದು ನಿಂತಾರು? ಶೇಷಗಿರಿಗಳು ಮೆಲ್ಲಗೆ ಅಡ್ಡಾಡುತ್ತ ವರಾಂಡಕ್ಕೆ ಹೋದರು. ನಾವೆಲ್ಲ ಹಿಂಬಾಲಿಸಿದೆವು. ಅಲ್ಲಿತ್ತು ನನ್ನ ಸೈಕಲ್ಲು. ಬೆಳಗ್ಗೆ ಜಾಗ ಮಾಡಲು ಯಾರೋ ಅದನ್ನು ಗೋಡೆಗೆ ಒರಗಿಸಿದ್ದರು.

“ಇದೇನ್ರಿ, ಸೀಟು ಮುಗಿಲ ನೋಡ್ಲಿಕ್ಹತ್ತದಲ್ಲ?” ಎಂದು ನಕ್ಕರು ಶೇಷಗಿರಿಗಳು. “ಯಾರೋ ತಿಳಿಗೇಡಿ ಹಾಕ್ಯಾನ.”

ಮುಕ್ಕಾಲು ಗಂಟೆ ಪ್ರಾಣ ಕಾಪಾಡಿಕೊಂಡ ಹಾಗೆ ಗುಟ್ಟು ಕಾಪಾಡಿದ್ದೆ. ತಿಳಿಗೇಡಿ ಎಂದರೆ ಹೇಗೆ ಸಹಿಸುವುದು? “ಓರೆಯೇ? ಕೂದಲೆಳೆಯಷ್ಟೂ ಇಲ್ಲ, ನೋಡಿ” ಎಂದು ಸೈಕಲ್ಲನ್ನು ಎಳೆದು ಸ್ಟ್ಯಾಂಡಿಗೆ ಹಾಕಿ, ಕಿಟಕಿಯ ಮೇಲಿದ್ದ ರಸಮಟ್ಟ ತಂದು ಸೀಟಿನ ಮೇಲಿಟ್ಟೆ. ಗುಳ್ಳೆ ನಟ್ಟನಡುವೆ! ಗಿರಿಜೆ ಹಿಂದಿನಿಂದ ಕೆಮ್ಮಿದಳು. ಕೇಳಿಸಲಿಲ್ಲ. “ಎರಡು ಗಂಟೆ ಕೂತು ಹೊಂದಿಸಿದ್ದೇನೆ,” ಎಂದೆ.

ಹುಡುಗ ಮೊದಲ ಬಾರಿ ಬಾಯಿ ಬಿಟ್ಟ. ವಿಶಾಖಪಟ್ಟಣದಲ್ಲೇ ಬೆಳೆದವನು, ಅವನ ಕನ್ನಡ ತೆಲುಗಿನ ಕೈಹಿಡಿದೇ ನಡೆಯುತ್ತಿತ್ತು. “ಅಂಕಲ್, ಒಕ್ಕ ನಿಮಿಷ. ಸ್ಟ್ಯಾಂಡ್ ತೆಗೀಲಾ ಅಂಡಿ?”

ತೆಗೆದ. ಹಿಂದಿನ ಚಕ್ರ ದಪ್ಪೆಂದು ನೆಲಕ್ಕಿಳಿಯಿತು. ಸೀಟಿನ ಮೂತಿ ಮೇಲೆದ್ದಿತು. ಗುಳ್ಳೆ ಓಡಿಹೋಗಿ ಮೂತಿಯ ಕಡೆ ಅಡಗಿಕೊಂಡಿತು.

“ಸ್ಟ್ಯಾಂಡ್ ಹಾಕಿದ್ರೆ ಹಿಂದಿನ ಚಕ್ರ ಪೈಕಿ, ಅಂದ್ರೆ ಮೇಲಕ್ಕೆ, ಎದ್ದಿರುತ್ತೆ ಅಂಕಲ್. ಸೈಕಲ್ಲೇ ಮುಂದಕ್ಕೆ ಬಗ್ಗಿರುತ್ತೆ. ಆಗ ಮಟ್ಟ ಮಾಡಿದ್ರೆ, ಇಳಿಸಿದ ಮೇಲೆ ಹೀಗೆ.” ಸ್ವಲ್ಪ ತಡೆದು ಬಹಳ ಮೆತ್ತಗೆ ಕೇಳಿದ, “ಇದರ ಮೇಲೆ ಎಷ್ಟು ದಿನ ಕೂತ್ರಿ?”

“ಐದು,” ಎಂದುಬಿಟ್ಟೆ.

ಶೇಷಗಿರಿಗಳು ಸೀಟಿನ ಮೂತಿ ನೋಡಿದರು, ನನ್ನ ಮುಖ ನೋಡಿದರು, ಇನ್ನೆಲ್ಲೋ ನೋಡಬೇಕೆಂದು ಮನಸ್ಸಾದರೂ ಮರ್ಯಾದೆಗೆ ಸುಮ್ಮನಾದರು.

“ಹಂಗಂದ್ರ ನೀವು ಇಷ್ಟೊತ್ತು ನಿಂತದ್ದು...”

“ಸ್ವಲ್ಪ ಮರ್ಯಾದೆಗೂ ಹೌದು,” ಎಂದೆ.

“ಇರಲಿ. ನಾವು ಇನ್ನ ಕೂಡಬಹುದಲ್ಲ?”

ಉತ್ತರಕ್ಕೆ ಯಾರು ಕಾದರು? ಹೈಮಾವತಿಯವರು ಆಗಲೇ ಒಳಗೋಡಿ ಸೋಫಾ ಸೇರಿದ್ದರು. ಅವರು ಕೂತಾಗ ಬಿಟ್ಟ ಉಸಿರು ಬೆಂಜ್ ಸರ್ಕಲ್ಲಿನವರೆಗೆ ಕೇಳಿಸಿರಬೇಕು. ಆಮೇಲೆ ಅವರು ಹೊಟ್ಟೆ ಹಿಡಿದು ನಕ್ಕಿದ್ದಂತೂ ಪೆಂಡುರ್ತಿಯವರೆಗೆ.

ನಾನು ಮುಖ ಉಳಿಸಿಕೊಳ್ಳಲು ಹುಡುಗನ ಕೈಗೆ ಪಾನ ಕೊಟ್ಟೆ. “ಇಷ್ಟು ತಿಳಿದವನು ನೀನೇ ಸರಿಮಾಡಪ್ಪ.”

ಅವನು ಹಾವು ಕಂಡವನಂತೆ ಕೈ ಹಿಂದಕ್ಕೆಳೆದುಕೊಂಡ. “ವದ್ದು, ಬೇಡ ಅಂಕಲ್. ಸೈಕಲ್ ಷಾಪಿಗೆ ಕೊಡಿ.”

ಪಾನ ಹಿಡಿಯದ ಗಂಡು! ನನಗೆ ಒಳಗೊಳಗೇ ತಾತ್ಸಾರವಾಯಿತು. ಹುಡುಗ ಹುಡುಗಿ ವರಾಂಡದಲ್ಲೇ ಐದು ನಿಮಿಷ ಮಾತಾಡಿದರು. ಹೊರಡುವಾಗ ಶೇಷಗಿರಿಗಳು ಕೈಹಿಡಿದು, “ಚರ್ಮದ್ದೂ ಛಲೋನ, ರಬ್ಬರೂ ಛಲೋನ. ನೀವು ಒಂದೆರಡು ದಿನ ಮಲಗಿಬಿಡ್ರಿ. ನಮಗ ಒಪ್ಪಿಗಿ ಅದ. ಹುಡುಗಿ ಏನಂತಾಳ ಕೇಳಿ ಹೇಳ್ರಿ” ಎಂದರು.

ಅವರ ಆಟೋ ತಿರುವು ದಾಟಿದ ಮೇಲೆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಇಷ್ಟು ಮಾನ ಕಳೆದ ಮೇಲೆ ಆ ಮನೆಗೆ ಹೋಗಲು ಯಾವ ಹುಡುಗಿ ಒಪ್ಪಿಯಾಳು? ಅಪ್ಪನ ಸೀಟಿನಿಂದಾಗಿ ಮಗಳ ಸಂಬಂಧ ತಪ್ಪಿತೆಂದು ಕಾಮೇಶ್ವರ ಇಡೀ ಕೃಷ್ಣಾ ಜಿಲ್ಲೆಗೆ ಸಾರುತ್ತಾನೆ.

“ಏನಮ್ಮ, ಬೇಡ ಅಂತ ಹೇಳಿಬಿಡಲಾ?”

“ಯಾಕೆ? ನನಗೆ ಒಪ್ಪಿಗೆ,” ಎಂದಳು ಧನ್ಯಾ, ಲೋಟ ಜೋಡಿಸುತ್ತ.

“ಐದು ನಿಮಿಷದಲ್ಲಿ ಅಂಥಾದ್ದು ಏನು ಮಾತಾಡಿದ ಅವನು?”

“ನಾನು ಒಂದೇ ಪ್ರಶ್ನೆ ಕೇಳಿದೆ ಅಪ್ಪ. ಮನೇಲಿ ಏನಾದರೂ ಕೆಟ್ಟರೆ ನೀವೇ ಸರಿಮಾಡ್ತೀರಾ ಅಂತ. ಇಲ್ಲ, ಗೊತ್ತಿರೋರನ್ನ ಕರೀತೀನಿ ಅಂದರು.”

“ಅಷ್ಟೇಯಾ?”

“ಅಷ್ಟು ಸಾಕು ಅನ್ನಿಸ್ತು.”

ಗಿರಿಜೆ ಮಗಳ ಕೈಯಿಂದ ತಟ್ಟೆ ಇಸಿದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ, ನಿಟ್ಟುಸಿರಿಟ್ಟಳು.

“ನಮ್ಮ ಕಾಲದಲ್ಲಿ ಹುಡುಗೀರಿಗೆ ಪ್ರಶ್ನೆ ಕೇಳೋಕೆ ಎಲ್ಲಿ ಬಿಡ್ತಿದ್ದರು, ಹೇಳು.”